ಗಂಜಾಮಿನ ಹಳೆಯ ಚರ್ಚು

ಶ್ರೀರಂಗಪಟ್ಟಣ ದ್ವೀಪದ ಪೂರ್ವದ ಕಡೆಗಿರುವ ಗಂಜಾಮಿನಲ್ಲಿ 1800ರಲ್ಲಿ ಕಟ್ಟಿದ ಒಂದು ಕಥೋಲಿಕ ಚರ್ಚಿದೆ. ಕಟ್ಟಿಸಿದವರ ಹೆಸರಿನಿಂದಲೇ ಅದು ಅಬ್ಬೆ ದುಬುವಾ ಚರ್ಚು ಎಂದು ಪ್ರಸಿದ್ಧ. 'ಅಬ್ಬೆ' ಎಂಬುದು ಹೆಸರಿನ ಭಾಗವಲ್ಲ. ಫ್ರೆಂಚರು ಪಾದ್ರಿಗಳಿಗೆ ಹಚ್ಚುವ ಗೌರವದ ಮಾತು. ಕೊಪ್ಪ, ಮದ್ದೂರು, ಮಳವಳ್ಳಿ ಕಡೆಯಿಂದ ಅಮಾವಾಸ್ಯೆ, ಹುಣ್ಣಿಮೆಗಳಂದು ನಿಮಿಷಾಂಬೆಯ ದರ್ಶನಕ್ಕೆ ಬರುವವರು ಗಂಜಾಮನ್ನು ಹಾದೇ ಹೋಗುತ್ತಾರೆ. ಟಿಪ್ಪುವಿನ ಗುಂಬಜ್ ನೋಡಲು ಬಂದ ಶಾಲಾ ಮಕ್ಕಳ ಬಸ್ಸುಗಳೂ ಈ ಕಡೆಗೇ ಬರುತ್ತವೆ. ಚರ್ಚಿನ ಮುಂದೆ ಇಳಿಯುವವರು ಕಡಿಮೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರಗಳು ಮೈಲಿ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಗಂಜಾಮಿನದು ಹಳ್ಳಿಯೊಂದಕ್ಕೆ ಒಪ್ಪುವ ಸಾದಾ ಕಟ್ಟಡ. ಆದರೆ ವಯಸ್ಸಿನಲ್ಲಿ ಅದು ಫಿಲೋಮಿನಾ ಚರ್ಚಿಗಿಂತ ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿರಿದು.

ಈ ಕಟ್ಟಡದ ಕಥೆ 1800ಕ್ಕೆ ಒಂದೂವರೆ ಶತಮಾನ ಹಿಂದೆಯೇ ಶುರುವಾಗುತ್ತದೆ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1648ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿತ್ ಪಾದ್ರಿ ಗೋವೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದರು. ಮದುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ಮಾದರಿಯಂತೆ ಅವರೂ ಸನ್ಯಾಸಿಯ ಉಡುಗೆ ತೊಟ್ಟರು, ಕನ್ನಡ ಕಲಿತರು, ಕನ್ನಡಕ್ಕೆ ಒಂದು ವ್ಯಾಕರಣ, ಒಂದು ನಿಘಂಟು, ಕ್ರೈಸ್ತ ಧರ್ಮೋಪದೇಶದ ಒಂದು ಪುಸ್ತಕ ಬರೆದರು. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲಿನ ಮಾತಿದು. ಶ್ರೀರಂಗಪಟ್ಟಣಕ್ಕೆ ಹತ್ತಿರದ ಪಾಲಹಳ್ಳಿ ಈ ಮಿಷನ್ನಿನ ಮುಖ್ಯ ನೆಲೆಗಳಲ್ಲೊಂದಾಯಿತು. ತಮಿಳು ಸೀಮೆಯಿಂದ ಬಂದವರ ಮಿಷನ್ ಬೇರೆ, ಇದು ಬೇರೆ. ಇದಕ್ಕೆ 'ಕನ್ನಡ ಮಿಷನ್' ಎಂದೇ ಹೆಸರಾಯಿತು.

ಹೈದರಾಲಿಯ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಕ್ರೈಸ್ತರು ಕಡಿಮೆಯೇನೂ ಇರಲಿಲ್ಲ. ಅವನ ಸೈನ್ಯದಲ್ಲಿ ಕ್ರೈಸ್ತ ಸಿಪಾಯಿಗಳಿದ್ದರು, ಯುರೋಪಿನಿಂದ ಬಂದ ಗೋಲಂದಾಜರಿದ್ದರು. 1779ರಲ್ಲಿ ತಂಜಾವೂರಿನ ಲೂಥರನ್ ಪಾದ್ರಿ ಶ್ವಾರ್ಟ್ಸ್ ಮದರಾಸು ಸರ್ಕಾರದ ದೂತನಾಗಿ ಬಂದಾಗ ಹೈದರ್ ಅವನನ್ನು ಗೌರವದಿಂದಲೇ ಕಂಡ. ಇತ್ತ 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ರದ್ದುಮಾಡಿದ್ದರಿಂದ ಮೈಸೂರಿನ ಮಿಷನ್ನಿಗೆ ದಿಕ್ಕು ತಪ್ಪಿತ್ತು. ಆ ಜವಾಬ್ದಾರಿ ನಿಧಾನವಾಗಿ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಕೈಗೆ ಬಂತು. ಗಂಜಾಮಿನ ಚರ್ಚು ಫ್ರೆಂಚರ ಕೈಯಲ್ಲಿ ಕಟ್ಟಾಗಲು ಕಾರಣ ಇದು. ಟಿಪ್ಪುವಿಗೆ ಫ್ರೆಂಚರ ಜೊತೆಗಿದ್ದ ಸ್ನೇಹಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರವಾಸಿಗಳಿಗೆ ಇತಿಹಾಸ ಹೇಳುವವರು ಇವೆರಡನ್ನೂ ಬೆರೆಸಿ ಹೇಳುವುದುಂಟು.

ಗಂಜಾಮನ್ನು ಪೇಟೆಯಾಗಿ ಬೆಳೆಸಿದವನು ಟಿಪ್ಪು. 'ಗಂಜ್' ಎಂದರೆ ಪಾರ್ಸಿಯಲ್ಲಿ ಸಂತೆ, ದಾಸ್ತಾನಿನ ಜಾಗ. 'ಶಹರ್ ಗಂಜಾಂ' ಎಂದು ಕರೆದ ಈ ಪೇಟೆಗೆ ಕಸುಬುದಾರರು ಬೇಕಾಗಿ, ಸಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದು ಕೂರಿಸಿದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂಕಿ ದೊಡ್ಡದಾಯಿತು ಅನ್ನಿಸಬಹುದು; ಆದರೆ ಸಿರಾ ಆಮೇಲೆ ಮತ್ತೆ ಮೊದಲಿನ ಊರಾಗಲಿಲ್ಲ ಎಂಬುದು ನಿಜ. ಪೇಟೆಯ ಪಕ್ಕದಲ್ಲಿ ಲಾಲ್‌ಬಾಗ್ ತೋಟ, ಅರಮನೆ, ತಂದೆಗೆ ಕಟ್ಟಿಸಿದ ಗುಂಬಜ್.

ಇದೇ ಕಾಲದಲ್ಲಿ ಇನ್ನೊಂದು ಜನಸಮೂಹವೂ ಬಲವಂತದಿಂದ ಈ ದ್ವೀಪಕ್ಕೆ ಬಂತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರ ಫೆಬ್ರವರಿಯಲ್ಲಿ, ಕರಾವಳಿಯ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ದುಬುವಾ ಬರೆದದ್ದು 60,000 ಎಂದು. ದಾರಿಯಲ್ಲಿ ಸತ್ತವರು ಅನೇಕರು. ಉಳಿದವರಲ್ಲಿ ಬಹಳ ಜನರನ್ನು ಮತಾಂತರಿಸಿ ಸೈನ್ಯದ ಪಡೆಗಳಿಗೆ ಸೇರಿಸಲಾಯಿತು. ಮೈಸೂರು ಸೀಮೆಯ ಚರ್ಚುಗಳನ್ನೆಲ್ಲ ಕೆಡವಲು ಅಪ್ಪಣೆಯಾಯಿತು. ಉಳಿದದ್ದು ಎರಡೇ ಎಂದು ಗೆಜೆಟಿಯರ್ ದಾಖಲಿಸುತ್ತದೆ: ಹಾಸನದ ಬಳಿಯ ಗ್ರಾಮ ಎಂಬ ಊರಿನದು ಅಲ್ಲಿನ ಮುಸ್ಲಿಂ ಅಧಿಕಾರಿಯ ದಯೆಯಿಂದ ಉಳಿಯಿತು, ಶ್ರೀರಂಗಪಟ್ಟಣದ್ದನ್ನು ಸೂರಪ್ಪ ಎಂಬ ನಾಯಕನ ಕೈಕೆಳಗಿನ ಕ್ರೈಸ್ತ ಸಿಪಾಯಿಗಳು ಕಾದುಕೊಂಡರು. ಇದೇ ಟಿಪ್ಪು, 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಮಾಡಿದಾಗ, ಮಠಕ್ಕೆ ಕನ್ನಡದಲ್ಲಿ ಕಾಗದ ಬರೆದು ನೆರವು ಕಳಿಸಿದ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಬರವಣಿಗೆಗೆ ಎರಡೂ ಕಡೆ ಬರವಿಲ್ಲ. ಸೂರಪ್ಪನ ಸಿಪಾಯಿಗಳಂಥವರು ಮಾತ್ರ ಎರಡೂ ಕಡೆಯ ಕಥೆಯಲ್ಲಿ ಸಿಕ್ಕುವುದಿಲ್ಲ.

ಯುದ್ಧ ಗಂಜಾಮನ್ನು ಎರಡು ಸಲ ತಟ್ಟಿತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ದ್ವೀಪಕ್ಕೆ ನುಗ್ಗಿ ಪೇಟೆಯನ್ನು ಹಿಡಿಯಿತು. ಲಾಲ್‌ಬಾಗಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕೆಂದು ಕಡಿದರು, ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಶ್ರೀರಂಗಪಟ್ಟಣದ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ಜಾನ್ ಆಂಟ್ವಾನ್ ದುಬುವಾ ಈ ಗಳಿಗೆಯಲ್ಲಿ ಬಂದರು. ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯವರು. 1792ರಲ್ಲಿ, ಫ್ರಾನ್ಸಿನಲ್ಲಿ ಕ್ರಾಂತಿ ಪಾದ್ರಿಗಳ ಮೇಲೆ ತಿರುಗಿಬಿದ್ದ ವರ್ಷವೇ, ದೀಕ್ಷೆ ಪಡೆದು ಪುದುಚೇರಿಗೆ ಹಡಗು ಹತ್ತಿದ್ದರು. ಶ್ರೀರಂಗಪಟ್ಟಣ ಬಿದ್ದಾಗ ಅವರು ಬಾರಾಮಹಲಿನಲ್ಲಿದ್ದರು, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ ಕಡೆ. ಚೆದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ವೆಲ್ಲೆಸ್ಲಿಯೇ ಅವರನ್ನು ಕರೆಸಿದನೆಂಬ ಮಾತಿದೆ. ಬಂದವರು ಮೈಸೂರು ಸೀಮೆ ಬಿಟ್ಟು ಹೋದದ್ದು 1823ರಲ್ಲಿ. ಈ ಎರಡು ದಶಕಗಳಲ್ಲಿ ಬಿಳಿ ಅಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರ ಕೋಲು ಅವರ ವೇಷವಾಯಿತು. ಊಟ, ನಡೆನುಡಿ ಈ ನೆಲದವರಂತೆಯೇ ಆಯಿತು. ಜನ 'ದೊಡ್ಡಸ್ವಾಮಿಯವರು' ಎಂದು ಕರೆದರು. ಮೈಸೂರು ಸೀಮೆಯ ಕಥೋಲಿಕರು ಪಾದ್ರಿಯನ್ನು 'ಸ್ವಾಮಿ' ಎನ್ನುವುದು, ಚರ್ಚನ್ನು 'ದೇವಾಲಯ' ಎನ್ನುವುದು, ಅಲ್ಲಿ ನಡೆಯುವುದನ್ನು 'ಪೂಜೆ' ಎನ್ನುವುದು ಇಂದಿಗೂ ರೂಢಿ. ಕರಾವಳಿಯ 'ಇಗರ್ಜಿ' ಎಂಬ ಪೋರ್ಚುಗೀಸ್ ಮೂಲದ ಮಾತು ಈ ಕಡೆ ಬೇರೂರಲಿಲ್ಲ.

ಅವರು ಬಂದ ಮರುವರ್ಷವೇ ಗಂಜಾಮಿನ ಚರ್ಚು ಎದ್ದಿತು. ಲೂಟಿಯಾದ ರಾಜಧಾನಿಯಲ್ಲಿ, ಸಂಬಳ ನಿಂತ ಸಿಪಾಯಿಗಳೂ ಸೆರೆಯಿಂದ ಬಿಡುಗಡೆಯಾದವರೂ ಇದ್ದ ಸಭೆಗೆ ಕಟ್ಟಿದ ಕಟ್ಟಡ ಅದು. ಆಡಂಬರಕ್ಕೆ ಅಲ್ಲಿ ಹಣವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಆಗಿನ ಮೈಸೂರು ಸೀಮೆಯಲ್ಲಿ ಗಟ್ಟಿ ಕಟ್ಟಡವೆಂದರೆ ಗಾರೆಯ ಕಟ್ಟಡ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಅಥವಾ ಇಟ್ಟಿಗೆಪುಡಿ ಬೆರೆಸಿ, ವೃತ್ತಾಕಾರದ ಕಾಲುವೆಯಲ್ಲಿ ಎತ್ತು ಕಟ್ಟಿದ ಕಲ್ಲಿನ ಚಕ್ರ ಉರುಳಿಸಿ ಅರೆಯುತ್ತಿದ್ದರು. ಅದಕ್ಕೆ ಗಾರೆ ಗಾಣವೆಂದು ಹೆಸರು. ಅಂಟು ಬರಲು ಬೆಲ್ಲದ ನೀರು ಹಾಕುವುದೂ ಉಂಟು. ಹೀಗೆ ಅರೆದ ಗಾರೆ ಬೇಗ ಗಟ್ಟಿಯಾಗುವುದಿಲ್ಲ. ಗಾಳಿಯನ್ನು ಹೀರಿಕೊಂಡು ವರ್ಷಗಟ್ಟಲೆ ಬಿಗಿಯುತ್ತಾ ಹೋಗುತ್ತದೆ. ಗೋಡೆ ಉಸಿರಾಡುತ್ತದೆ, ತೇವ ಹೊರಬಿಡುತ್ತದೆ. ಇಂಥ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಕೂತು ಇಟ್ಟಿಗೆ ತಿನ್ನುತ್ತದೆ. ಕಾವೇರಿಯ ಎರಡು ಕವಲುಗಳ ನಡುವಿನ ತಂಪು ನೆಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಶ್ರೀರಂಗಪಟ್ಟಣದ ಹಳೆಯ ಕಟ್ಟಡಗಳ ರಿಪೇರಿಗೆ ಕೈಹಾಕುವವರು ಮೊದಲು ಕಲಿಯಬೇಕಾದ ಪಾಠವೂ ಅದೇ.

ಚರ್ಚು ಎದ್ದ 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದ. ಕಂಪನಿ ಸರ್ಕಾರ ಹೊಸದಾಗಿ ಕೈಗೆ ಬಂದ ಸೀಮೆಯ ಬೆಳೆ, ಕಸುಬು, ಜನರ ವಿವರ ಬರೆಯಲು ಕಳಿಸಿದ್ದ ವೈದ್ಯ ಅವನು. ಸೈನಿಕರನ್ನು ಬಿಟ್ಟು ದ್ವೀಪದ ಜನಸಂಖ್ಯೆ 31,895 ಎಂದು ಅವನು ಲೆಕ್ಕ ಹಾಕಿದ. ಟಿಪ್ಪುವಿನ ಕಾಲದಲ್ಲಿ ಇದರ ನಾಲ್ಕೈದು ಪಟ್ಟು ಜನರಿದ್ದರೆಂದು ಅವನಿಗೆ ತಿಳಿದುಬಂದಿತ್ತು. ಅಂದರೆ ಖಾಲಿಯಾಗುತ್ತಿದ್ದ ಊರಿನಲ್ಲಿ ದುಬುವಾ ಚರ್ಚು ಕಟ್ಟಿದರು. ಕರಾವಳಿಯ ಸೆರೆಯಾಳುಗಳಲ್ಲಿ ಬದುಕುಳಿದವರು ಗುಂಪುಗುಂಪಾಗಿ ಮಂಗಳೂರಿನ ದಾರಿ ಹಿಡಿದರು. ಉಳಿದವರು ಹೊಸ ಚರ್ಚಿಗೆ ಬಂದು ಹಳೆಯ ನಂಬಿಕೆಗೆ ಮರಳಿದರು.

ಚರ್ಚಿನ ಸ್ವಾಮಿಗೆ ಸರ್ಕಾರಿ ಕಾಗದಪತ್ರಗಳಲ್ಲಿ ಮೊದಲು ಹೆಸರು ಬಂದದ್ದು ಧರ್ಮದ ಕೆಲಸದಿಂದಲ್ಲ, ಸಿಡುಬಿನ ಲಸಿಕೆಯಿಂದ. ಜೆನ್ನರನ ಗೋಸಿಡುಬಿನ ಲಸಿಕೆ ಮುಂಬಯಿಗೆ ಬಂದದ್ದು 1802ರ ಜೂನಿನಲ್ಲಿ. 1803–04ರಲ್ಲಿ ದುಬುವಾ ಮತ್ತು ಅವರ ಸಹಾಯಕರು 25,432 ಜನರಿಗೆ ಲಸಿಕೆ ಹಾಕಿದರೆಂದು ವರದಿ ಇದೆ. ಆಗ ಸೀಸೆಯಲ್ಲಿ ಲಸಿಕೆ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿಗೆ ಗೀರಿ ಹಾಕಿದರೆ ಎಂಟನೆಯ ದಿನದ ಹೊತ್ತಿಗೆ ಅಲ್ಲಿ ನೀರು ತುಂಬಿದ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆಯನ್ನು ಚುಚ್ಚಿ, ಅದರ ನೀರನ್ನು ಮುಂದಿನ ಮಗುವಿನ ತೋಳಿಗೆ ಹಚ್ಚಬೇಕು. ಸರಪಳಿ ಎಲ್ಲಿಯೂ ಕಡಿಯಬಾರದು. ಕಡಿದರೆ ಮತ್ತೆ ದೂರದಿಂದ ತರಿಸಬೇಕು. ಹಾಗಾಗಿ ಲಸಿಕೆ ಹಾಕಿಸಿಕೊಂಡ ಮಗುವನ್ನೇ ಊರಿಂದೂರಿಗೆ ಕರೆದೊಯ್ಯಬೇಕು. ಜಾತಿಯಿಂದ ಜಾತಿಗೆ ತೋಳಿನ ನೀರು ಹೋಗುವುದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಮೈಸೂರು ಅರಮನೆಯ ಹೆಣ್ಣುಮಕ್ಕಳು ಲಸಿಕೆ ಹಾಕಿಸಿಕೊಂಡದ್ದೂ ಇದೇ ಕಾಲದಲ್ಲಿ. ಬಿಳಿ ಅಂಗಿಯ 'ಸ್ವಾಮಿ'ಯ ಮೇಲೆ ಜನರಿಗಿದ್ದ ನಂಬಿಕೆ ಇಲ್ಲಿ ಕೆಲಸ ಮಾಡಿತೆಂದು ಹೇಳಬೇಕು.

ಎರಡನೆಯ ಹೆಸರು ಪುಸ್ತಕದಿಂದ ಬಂತು. ಹಿಂದೂಗಳ ಆಚಾರ, ವ್ಯವಹಾರ, ಸಂಸ್ಕಾರಗಳನ್ನು ಕುರಿತು ದುಬುವಾ ಫ್ರೆಂಚಿನಲ್ಲಿ ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮದರಾಸಿಗೆ ಶಿಫಾರಸು ಮಾಡಿದ. ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಕಂಪನಿಗಾಗಿ 2,000 ವರಹಕ್ಕೆ ಕೊಂಡ. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. 1897ರ ಬೋಶಾಂಪನ ಆವೃತ್ತಿ ಇಂದಿಗೂ ಮರುಮುದ್ರಣ ಕಾಣುತ್ತಿದೆ. ಬ್ರಿಟಿಷ್ ಅಧಿಕಾರಿಗಳು ದಶಕಗಳ ಕಾಲ ಈ ದೇಶವನ್ನು ಆ ಪುಸ್ತಕದ ಕಣ್ಣಿನಿಂದ ನೋಡಿದರು. ಅದರ ದೊಡ್ಡ ಭಾಗ ದುಬುವಾ ಅವರದೇ ಅಲ್ಲ, ಅವರಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದೂ ಅವರ ಬರಹದ ಮೇಲೆ ನಿಂತದ್ದು ಎಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ಬ್ರಾಹ್ಮಣರ ನಡವಳಿಕೆಯ ಬಗ್ಗೆ ಪುಟಗಟ್ಟಲೆ ಬರೆದ ಆ ಪುಸ್ತಕಕ್ಕಿಂತ ಲಸಿಕೆಯ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.

ಮತಪ್ರಚಾರದ ವಿಷಯದಲ್ಲಿ ದುಬುವಾ ಸೋಲೊಪ್ಪಿಕೊಂಡರು. ಊರಿಗೆ ಮರಳಿದ 1823ರಲ್ಲೇ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಪ್ಪತ್ತೈದು ವರ್ಷಗಳಲ್ಲಿ ತಾವು ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಜನ ಮಾತ್ರ, ಅವರಲ್ಲೂ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಇಲ್ಲವೆ ಭಿಕ್ಷುಕರು ಎಂದು ಬರೆದರು. ಈ ದೇಶದ ಮೇಲ್ಜಾತಿಯವರು ಕ್ರೈಸ್ತರಾಗುವ ಕಾಲ ಬರಲಾರದು ಎಂದೂ ಸೇರಿಸಿದರು. ಇಂಗ್ಲೆಂಡಿನ ಮಿಷನರಿಗಳು ಕೆರಳಿ ಉತ್ತರ ಬರೆದರು. ಹೀಗೆ ನೋಡಿದರೆ ಗಂಜಾಮಿನದು ಹೊಸಬರನ್ನು ಸೆಳೆಯಲು ಕಟ್ಟಿದ ಚರ್ಚಲ್ಲ, ಇದ್ದವರನ್ನು ಉಳಿಸಿಕೊಳ್ಳಲು ಕಟ್ಟಿದ್ದು. ಅವರಿಗೆ ಹೊಲ ಮನೆ ಮಾಡಿಕೊಡುವುದೂ ದುಬುವಾ ಅವರ ಲೆಕ್ಕದಲ್ಲಿ ಧರ್ಮದ ಕೆಲಸವೇ ಆಗಿತ್ತು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರು ಕ್ರೈಸ್ತ ಒಕ್ಕಲು ಕುಟುಂಬಗಳ ನೆಲೆಯನ್ನೇ ಕಟ್ಟಿದರು. 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಮೈಸೂರು ಸೀಮೆ ಬಿಟ್ಟು ಕಾಲು ಶತಮಾನವಾಗಿತ್ತು.

ಅಷ್ಟರಲ್ಲಿ ಗಂಜಾಂ ಪೇಟೆಯ ಹೆಸರನ್ನಷ್ಟೇ ಉಳಿಸಿಕೊಂಡಿತ್ತು. ರಾಜಧಾನಿ 1799ರಲ್ಲೇ ಮೈಸೂರಿಗೆ ಹೋಗಿತ್ತು. ದ್ವೀಪದ ಚಳಿಜ್ವರಕ್ಕೆ ಬ್ರಿಟಿಷ್ ಸಿಪಾಯಿಗಳು ಸಾಲುಸಾಲಾಗಿ ಸತ್ತರು; 1811ರ ಹೊತ್ತಿಗೆ ದಂಡು ಬೆಂಗಳೂರಿಗೆ ಹೊರಟಿತು. ದಂಡನ್ನು ನಂಬಿಕೊಂಡಿದ್ದ ವ್ಯಾಪಾರಿ, ಬಡಗಿ, ನೇಕಾರರೂ ಹಿಂದೆಯೇ ಹೋದರು. ಲಾಲ್‌ಬಾಗ್ ಅರಮನೆಯನ್ನು ಬಿಚ್ಚಿ ಅದರ ತೊಲೆಗಳನ್ನು ಆನೆಗಳಿಂದ ನೀಲಗಿರಿಗೆ ಸಾಗಿಸಿ, 1830ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹಾಕಿದರು. ಟಿಪ್ಪುವಿನ ಅರಮನೆಯ ಮರ ಇಂಗ್ಲಿಷರ ಚರ್ಚಿನ ಮಾಡನ್ನು ಹೊತ್ತು ನಿಂತಿದೆ. ಆ ಅರಮನೆಗೆ ಹತ್ತಿರದಲ್ಲೇ ಇದ್ದ ಗಂಜಾಮಿನ ಚರ್ಚಿಗೆ ಅಂಥ ಮರದ ಭಾಗ್ಯವಿರಲಿಲ್ಲ. 1901ರ ಜನಗಣತಿಯಲ್ಲಿ ಶ್ರೀರಂಗಪಟ್ಟಣದ ಜನ ಎಂಟೂವರೆ ಸಾವಿರ ಚಿಲ್ಲರೆ. ಗಂಜಾಮಿನ ಹೆಸರು ಹೊರಗೆ ಕೇಳಿಬರುತ್ತಿದ್ದದ್ದು ಅಲ್ಲಿನ ಅಂಜೂರದ ಹಣ್ಣಿನಿಂದ.

ಕಥೋಲಿಕರ ಆಡಳಿತವೂ ಸ್ಥಳ ಬದಲಿಸಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಿಷಪ್ ಶಾರ್ಬೊನೊ ಬಂದು ಬೆಂಗಳೂರಿನಲ್ಲಿ ನೆಲೆಸಿದರು, ಅಲ್ಲಿ ಮುದ್ರಣಾಲಯ ಹಾಕಿಸಿದರು. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಚರ್ಚು ಕಟ್ಟಾಯಿತು. ಅದೇ ಜಾಗದಲ್ಲಿ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಫಿಲೋಮಿನಾ ಚರ್ಚಿಗೆ ಅಸ್ತಿಭಾರ ಹಾಕಿದರು. 1940ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೆಂಗಳೂರು ಬೇರೆಯಾಯಿತು. ಒಂದು ಕಾಲಕ್ಕೆ ಮೈಸೂರು ಸೀಮೆಯ ಕಥೋಲಿಕರಿಗೆ ಕೇಂದ್ರವಾಗಿದ್ದ ಗಂಜಾಂ, ಪಾಲಹಳ್ಳಿಗಳು ಹಳ್ಳಿ ಚರ್ಚುಗಳಾಗಿ ಉಳಿದವು.

ಹಳ್ಳಿಯ ಚರ್ಚಾಗಿ ಉಳಿದದ್ದೇ ಕಟ್ಟಡಕ್ಕೆ ಒಳ್ಳೆಯದಾಯಿತು ಎನ್ನಬೇಕು. ಇದಕ್ಕೆ ಹೋಲಿಸಬೇಕಾದದ್ದು ದುಬುವಾ ಅವರು ಒಕ್ಕಲು ನೆಲೆ ಕಟ್ಟಿದ ಹಾಸನ ಸೀಮೆಯದೇ ಆದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚನ್ನು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಚೂಪು ಕಮಾನುಗಳ ದೊಡ್ಡ ಕಟ್ಟಡ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ, 1979ರಲ್ಲಿ ಕೆಲಸ ಮುಗಿದಾಗ, ಊರು ಬೇರೆಡೆಗೆ ಹೋಯಿತು, ಚರ್ಚು ಹಿನ್ನೀರಿನಲ್ಲಿ ನಿಂತಿತು. ಮಳೆಗಾಲದಲ್ಲಿ ಗೋಡೆಗಳ ನಡುಮಟ್ಟದವರೆಗೆ ನೀರು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆಸರು. ಮಾಡು ಹೋಗಿದೆ, ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿದಿದೆ, ಈಚಿನ ಮಳೆಗಳಿಗೆ ಗೋಡೆಯ ಭಾಗಗಳೇ ಕುಸಿದಿವೆ. 'ಮುಳುಗುವ ಚರ್ಚು' ಎಂದು ಫೋಟೋ ತೆಗೆಯಲು ಬರುವವರು ಅದನ್ನು ಕಾಲ ಕೆಡವಿತು ಅಂದುಕೊಳ್ಳುತ್ತಾರೆ. ಕೆಡವಿದ್ದು ಅಣೆಕಟ್ಟು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದರು. ಇಟ್ಟಿಗೆ ಗಾರೆಯ ಕಟ್ಟಡಕ್ಕೆ ಆ ದಾರಿಯಿಲ್ಲ, ಬಿಚ್ಚಿದರೆ ಪುಡಿ.

ಶೆಟ್ಟಿಹಳ್ಳಿಯ ಮುಂದೆ ಹರಿದ ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ನಾಲೆ ಹಿಡಿದ ನೀರು ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹೋಗುತ್ತದೆ. ನದಿಯಲ್ಲೇ ಉಳಿದದ್ದು ಪಾಲಹಳ್ಳಿಯನ್ನು ದಾಟಿ ಶ್ರೀರಂಗಪಟ್ಟಣವನ್ನು ಬಳಸಿ ಗಂಜಾಮಿನ ದಡಕ್ಕೆ ಬರುತ್ತದೆ. 1800ರಲ್ಲಿ ಈ ದ್ವೀಪದ ಮೇಲಿದ್ದ ದೊಡ್ಡ ಕಟ್ಟಡಗಳಲ್ಲಿ ಅರಮನೆಗಳು ನೆಲಸಮವಾಗಿವೆ, ದರಿಯಾ ದೌಲತ್ ವಸ್ತುಸಂಗ್ರಹಾಲಯವಾಗಿದೆ, ಸೆರೆಮನೆಗಳು ಟಿಕೆಟ್ಟಿಲ್ಲದ ಪ್ರದರ್ಶನವಾಗಿವೆ. ಕಟ್ಟಿದ ಕೆಲಸಕ್ಕೇ ಇನ್ನೂ ಬಳಕೆಯಾಗುತ್ತಿರುವವು ರಂಗನಾಥನ ಗುಡಿ, ಕೋಟೆಯ ಜಾಮಿಯಾ ಮಸೀದಿಯಂಥ ಕೆಲವು ಮಾತ್ರ. ಗಂಜಾಮಿನ ಚರ್ಚು ಅವುಗಳಲ್ಲೊಂದು.